ಕಡ್ಡಿ ಆಡಿಸಬೇಡ, ಕೈ ಹಾಕು

ತಮ್ಮಾ, ನಿನ್ನೆ ರಾತ್ರಿ ಫೋನ್ ಮಾಡಿ, "ಕಾಕಾ, ಬಚ್ಚಲದಾಗ ಪಾದ ಮುಳುಗೋವಷ್ಟು ನೀರು ನಿಂತಾವ, ಆಸಿಡ್ ಸುರೀಲೇನು?" ಅಂತ ಕೇಳಿದೆಯಲ್ಲ, ಆಗ ನಾನು ಆಳಂದದ ಬಸ್ಸಿನಲ್ಲಿದ್ದೆ. ಗದ್ದಲದಲ್ಲಿ "ಬ್ಯಾಡ" ಅನ್ನುವುದೊಂದೇ ಮಾತು ಹೇಳಲಿಕ್ಕಾಯಿತು. ಯಾಕೆ ಬೇಡ, ಮತ್ತೇನು ಮಾಡಬೇಕು ಅನ್ನುವುದನ್ನು ಈಗ ಸಾವಕಾಶ ಹೇಳುತ್ತೇನೆ, ಕೇಳು.

ನರೋಣಾದ ನಮ್ಮ ಹಳೆಯ ಮನೆಯ ಬಚ್ಚಲು ನಿನಗೆ ಅಷ್ಟಾಗಿ ನೆನಪಿರಲಿಕ್ಕಿಲ್ಲ. ನೆಲಕ್ಕೆ ಶಹಾಬಾದ ಫರ್ಸಿ, ಮೂಲೆಯಲ್ಲಿ ಹಂಡೆ, ಗೋಡೆಯ ಬುಡದಲ್ಲಿ ಮುಷ್ಟಿ ಹೋಗುವಷ್ಟು ತೂತು. ಮಿಂದ ನೀರು ಆ ತೂತಿನಿಂದ ಹಾಯ್ದು ಕರಿಬೇವಿನ ಗಿಡಕ್ಕೆ ಹೋಗುತ್ತಿತ್ತು. ಕಟ್ಟಿತೋ, ಒಂದು ತೊಗರಿ ಕಟ್ಟಿಗೆ ತೆಗೆದುಕೊಂಡು ಒಳಗಿನಿಂದೊಮ್ಮೆ ಹೊರಗಿನಿಂದೊಮ್ಮೆ ತಿವಿದರೆ ಮುಗಿಯಿತು. ನೇರ ತೂತು, ನೇರ ಕಟ್ಟಿಗೆ. ಅದೇ ಬುದ್ಧಿಯನ್ನು ಟೈಲ್ಸ್ ಹಾಕಿದ ಹೊಸ ಬಚ್ಚಲಿಗೂ ತಂದು ನಾನು ಕೆಟ್ಟೆ. ಜಾಲರಿ ತೆಗೆದು ಒಣಗಿದ ತೊಗರಿ ಕಟ್ಟಿಗೆ ತುರುಕಿದೆ. ಗೇಣುದ್ದ ಹೋಯಿತು, ತಡೆಯಿತು. ಇನ್ನಷ್ಟು ಒತ್ತಿದೆ. ಟಪ್ ಅಂತ ಒಳಗೇ ಮುರಿಯಿತು. ಅಡ್ಡ ಸಿಕ್ಕಿಕೊಂಡ ಆ ತುಂಡಿಗೆ ದಿನಾ ಬಿದ್ದ ಕೂದಲೆಲ್ಲ ಸುತ್ತಿಕೊಳ್ಳುತ್ತ ಹೋಗಿ, ತಿಂಗಳೊಪ್ಪತ್ತಿನಲ್ಲಿ ಬಚ್ಚಲೇ ಹೊಂಡವಾಯಿತು. ಕೊನೆಗೆ ನಾಲ್ಕು ಟೈಲ್ಸ್ ಒಡೆಸಬೇಕಾಯಿತು. ಅದೇ ಬಣ್ಣದವು ಮತ್ತೆ ಸಿಗಲಿಲ್ಲ. ನಿಮ್ಮ ಕಾಕು ಇವತ್ತಿಗೂ ಆ ನಾಲ್ಕನ್ನು ಲೆಕ್ಕಹಾಕಿಯೇ ಜಳಕ ಮಾಡುತ್ತಾಳೆ.

ಹೊಸ ಬಚ್ಚಲಿನ ಜಾಲರಿಯ ಕೆಳಗೆ ಒಂದು ಬಾಗು ಇರುತ್ತದೆ. ಪ್ಲಂಬರ್ ಅದಕ್ಕೆ ನಹಾಣಿ ಟ್ರ್ಯಾಪ್ ಅನ್ನುತ್ತಾನೆ. ನಹಾಣಿ ಅಂದರೇನೋ ವಿಲಾಯತಿ ಮಾತು ಅಂದುಕೊಂಡಿದ್ದೆ. ಅಕ್ಕಲಕೋಟೆಯ ಬೀಗರ ಮನೆಗೆ ಹೋದಾಗ ತಿಳಿಯಿತು, ಮರಾಠಿಯಲ್ಲಿ ನ್ಹಾಣಿ ಅಂದರೆ ಬಚ್ಚಲು, ಅಷ್ಟೇ. ಆ ಬಾಗಿನಲ್ಲಿ ಸದಾ ಎರಡಿಂಚಿನಷ್ಟು ನೀರು ನಿಂತಿರಬೇಕು. ಆ ನೀರೇ ಕದ. ಮಿಂದ ನೀರನ್ನು ಹೊರಗೆ ಬಿಡುತ್ತದೆ, ಗಟಾರದ ವಾಸನೆಯನ್ನೂ ಜೊಂಡಿಗವನ್ನೂ ಒಳಗೆ ಬಿಡುವುದಿಲ್ಲ. ಆದರೆ ನೀರು ನಿಲ್ಲುವಲ್ಲಿ ಕಸವೂ ನಿಲ್ಲುತ್ತದೆ. ಹಾಗಾಗಿ ಬಚ್ಚಲು ಕಟ್ಟಿದಾಗ ಕಳ್ಳ ಬಹುಮಟ್ಟಿಗೆ ಇಲ್ಲೇ, ನಿನ್ನ ಮೊಳಕೈ ಅಳತೆಯೊಳಗೇ ಕೂತಿರುತ್ತಾನೆ. ಅವನನ್ನು ಮುಂದಕ್ಕೆ ತಳ್ಳಿದರೆ ಕೈಗೆ ಸಿಗದ ಕಡೆ ಹೋಗಿ ಕೂಡುತ್ತಾನೆ. ಹಿಂದಕ್ಕೆ ಎಳೆಯಬೇಕು.

ಮೊದಲು ನಿಂತ ನೀರನ್ನು ಚರಗಿಯಿಂದ ಬಕೀಟಿಗೆ ತುಂಬಿ ಹೊರಗೆ ಹಾಕು. ಜಾಲರಿ ಬಿಚ್ಚು. ಕೆಲವು ಟ್ರ್ಯಾಪಿನಲ್ಲಿ ಬಟ್ಟಲು ಬೋರಲು ಹಾಕಿದಂಥ ಒಂದು ಮುಚ್ಚಳ ಇರುತ್ತದೆ. ಅದನ್ನು ತಿರುವಿ ಎತ್ತಿ ತೊಳೆದಿಡು. ಅದೇ ಅಡ್ಡ ಅಂತ ಎಸೆಯುವವರಿದ್ದಾರೆ. ಎಸೆದರೆ ನೀರೇನೋ ಸರಾಗ ಹೋಗುತ್ತದೆ, ಮರುದಿನದಿಂದ ಗಟಾರವೇ ಮನೆಯೊಳಗೆ ಬಂದ ಹಾಗೆ ನಾರುತ್ತದೆ.

ಆಮೇಲೆ ಸೆಂಟ್ರಿಂಗಿನವರು ಕಬ್ಬಿಣ ಕಟ್ಟುವ ಬೈಂಡಿಂಗ್ ತಂತಿ ಎರಡು ಮೊಳ ತೆಗೆದುಕೋ. ಮಡಚಿ ಹುರಿಮಾಡಿ, ತುದಿಗೆ ಕಿರುಬೆರಳಿನ ಉಗುರಿನಷ್ಟು ಕೊಕ್ಕೆ ಬಗ್ಗಿಸು. ಬಾಗಿನೊಳಗೆ ಇಳಿಸಿ, ಶ್ಯಾವಿಗೆ ಸುತ್ತಿದ ಹಾಗೆ ಮೆಲ್ಲಗೆ ತಿರುವು, ಎಳೆ. ಒತ್ತಬೇಡ. ಮೊದಲ ಸಲ ನಾಲ್ಕೆಳೆ ಬರುತ್ತದೆ. ಮೂರನೆಯದೋ ನಾಲ್ಕನೆಯದೋ ಸಲ, ಕಂಬಳಿಯ ಅಂಚು ಸಿಕ್ಕಂತೆ ಕೈಗೆ ಭಾರ ಹತ್ತುತ್ತದೆ. ಆಗ ಗಡಿಬಿಡಿ ಮಾಡಬೇಡ. ಹೆಬ್ಬೆರಳು ದಪ್ಪದ್ದು, ಬೂದುಬಣ್ಣದ್ದು, ನೆನೆದ ಆಡುಗೂದಲಿನ ಹಗ್ಗದಂಥದ್ದು ಒಂದು ಗೇಣು ಹೊರಗೆ ಬರುತ್ತದೆ. ಕೊಳೆತ ಮೊಟ್ಟೆಯ ವಾಸನೆ ಮೂಗಿಗೆ ಬಡಿಯುತ್ತದೆ. ಬಂದ ಕೂಡಲೇ ನಿಂತ ನೀರು ಗುಳುಗುಳು ಅನ್ನುತ್ತ ಇಳಿಯುತ್ತದೆ ನೋಡು, ಆ ಸಪ್ಪಳಕ್ಕೆ ಸಮನಾದ ಸುಖ ಕಡಿಮೆ. ತೆಗೆದದ್ದನ್ನು ಪೇಪರಿನಲ್ಲಿ ಕಟ್ಟಿ ಕಸಕ್ಕೆ ಹಾಕು. ಗಟಾರಕ್ಕೆ ಎಸೆದರೆ ನಿನ್ನ ಪೀಡೆ ಮಗ್ಗುಲ ಮನೆಯವರಿಗೆ.

"ಇದೆಲ್ಲ ನಿನ್ನ ಸೊಸಿ ಕೂದಲ" ಅಂತ ನೀನು ನಕ್ಕೆಯಲ್ಲ, ಅದು ಅರ್ಧ ಸತ್ಯ. ಕೂದಲು ಬರೀ ನಾರು. ಅದಕ್ಕೆ ಗಾರೆ ಬೇಕು. ನಮ್ಮ ಬೋರ್‌ವೆಲ್ಲಿನ ನೀರು ಗಡಸು. ಅದರಲ್ಲಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಸಾಬೂನಿನೊಂದಿಗೆ ಕೂಡಿ ನೀರಲ್ಲಿ ಕರಗದ ಜಿಡ್ಡಾಗುತ್ತದೆ. ಬಕೀಟಿನ ಒಳಸುತ್ತಿಗೆ ಬಿಳಿ ಪಟ್ಟೆ ಕಟ್ಟುತ್ತದಲ್ಲ, ಅದೇ. ತಲೆ ಎರಕೊಳ್ಳುವ ದಿನದ ಎಣ್ಣೆ, ಕಡಲೆಹಿಟ್ಟು ಅದಕ್ಕೆ ಸೇರುತ್ತವೆ. ಇನ್ನು ಮಳೆಗಾಲದಲ್ಲಿ ಹೊಲದಿಂದ ನೇರ ಬಚ್ಚಲಿಗೆ ಬಂದು ಕಾಲು ತೊಳೆಯುವವನು ನೀನೇ. ಎರಿಮಣ್ಣು ಬಾಗಿನ ತಳದಲ್ಲಿ ಕೂತರೆ ಗಿಲಾವು ಮಾಡಿದ ಹಾಗೆ. ಕಾಲನ್ನು ಅಂಗಳದಲ್ಲೇ ತೊಳೆದು ಬಾ.

ಈಗ ಆಸಿಡ್ ಮಾತು. ಕಿರಾಣಿ ಅಂಗಡಿಯಲ್ಲಿ ಬಾಟಲಿಯಲ್ಲಿ ಸಿಗುವ ಆ ಆಸಿಡ್ ಕೂದಲನ್ನು ತಿನ್ನುವುದಿಲ್ಲ. ಅದು ತಿನ್ನುವುದು ನಿನ್ನ ಮನೆಯನ್ನು. ನಂಬಿಕೆ ಇಲ್ಲದಿದ್ದರೆ ಹಿತ್ತಲಲ್ಲಿ ಬಿದ್ದ ಒಡಕು ಫರ್ಸಿಯ ಮೇಲೆ ದೂರ ನಿಂತು ಒಂದು ಹನಿ ಬಿಡು. ಬುಸ್ ಅಂತ ನೊರೆಯೇಳುತ್ತದೆ, ಹೊಳಪು ಹೋಗಿ ಬಿಳಿ ಕಲೆ ಉಳಿಯುತ್ತದೆ. ಶಹಾಬಾದ ಕಲ್ಲು ಅಂದರೆ ಸುಣ್ಣದ ಕಲ್ಲು. ಆಸಿಡ್ಡಿಗೆ ಅದೇ ಊಟ. ಟೈಲ್ಸಿನ ಸಂದಿಯ ಸಿಮೆಂಟಿಗೂ ಅದೇ ಗತಿ. ಕಾಸ್ಟಿಕ್ ಪುಡಿ ಕೂದಲನ್ನು ಕರಗಿಸುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ನೀರು ಮುಟ್ಟಿದೊಡನೆ ಕಾದು ಸಿಡಿಯುತ್ತದೆ, ಕರಗದೆ ಉಳಿದರೆ ಬಾಗಿನಲ್ಲೇ ಕಲ್ಲಾಗುತ್ತದೆ. ಅದರ ಮೇಲೆ ಆಸಿಡ್ ಸುರಿದರೆ ಮುಖಕ್ಕೆ ಚಿಮ್ಮುತ್ತದೆ. ಬ್ಲೀಚಿಂಗ್ ಪುಡಿ ಹಾಕಿದ ಜಾಗಕ್ಕೆ ಆಸಿಡ್ ಬಿದ್ದರೆ ಏಳುವುದು ಕ್ಲೋರಿನ್ ವಿಷಗಾಳಿ. ಕಿಟಕಿ ಇಲ್ಲದ ಬಚ್ಚಲಲ್ಲಿ ನಿಂತವನ ಗತಿ ನೀನೇ ಯೋಚಿಸು. ಅಡಿಗೆ ಸೋಡಾ, ಲಿಂಬೆಹಣ್ಣಿನ ಆಟದಿಂದ ಅಪಾಯವಿಲ್ಲ, ಪ್ರಯೋಜನವೂ ಇಲ್ಲ. ನೊರೆ ಚಂದ, ಕೂದಲು ಇದ್ದಲ್ಲೇ. ಹಂಡೆಯ ಕುದಿಯುವ ನೀರನ್ನೂ ಹಾಕಬೇಡ, ಪಿವಿಸಿ ಪೈಪು ಮೆತ್ತಗಾಗುತ್ತದೆ. ಜಳಕದ ಬಿಸಿನೀರು ಸಾಕು.

ಟ್ರ್ಯಾಪ್ ತೊಳೆದ ಮೇಲೂ ನೀರು ಹೋಗದಿದ್ದರೆ, ಪಾತ್ರೆ ತೊಳೆಯುವ ಕಡೆಯೂ ನೀರು ಏರುತ್ತದೆಯೇ ನೋಡು. ಎರಡೂ ಕಡೆ ಏರಿದರೆ ದೋಷ ಮುಂದಿನ ಪೈಪಿನಲ್ಲಿ, ಇಲ್ಲವೇ ಪೈಪುಗಳು ಕೂಡುವ ಹೊರಗಿನ ಚೇಂಬರಿನಲ್ಲಿ. ಹತ್ತು ಅಡಿ ಪೈಪಿಗೆ ಮೂರಿಂಚು ಇಳುಕಲು ಬೇಕು. ಕೆಲಸದವರು ಕೊಟ್ಟಿದ್ದರೂ ನಮ್ಮ ಎರಿನೆಲ ಉಳಿಸಿಕೊಡಬೇಕಲ್ಲ! ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ, ಮಳೆಗೆ ಉಬ್ಬುತ್ತದೆ. ಅದರ ಜೊತೆ ಪೈಪೂ ಎದ್ದು ಕೂತು, ನಡುವೆ ಜೋಲು ಬೀಳುತ್ತದೆ. ಜೋಲು ಬಿದ್ದಲ್ಲಿ ತಂತಿ ಕೆಲಸ ಮಾಡದು. ಅಗೆಸಿ, ಕೆಳಗೆ ಉಸುಕು ಹಾಸಿ, ಪೈಪನ್ನು ಮತ್ತೆ ಕೂಡಿಸಬೇಕು.

ಚೇಂಬರ್ ಕಟ್ಟಿದ್ದರೆ ಮುಚ್ಚಳ ತೆಗೆದು ಮೇಲಿನಿಂದಲೇ ಪೈಪು ಬಿಡಿಸುವ ಸ್ಪ್ರಿಂಗ್ ಹಾಕಿಸು. ಸೆಪ್ಟಿಕ್ ಗುಂಡಿಯೊಳಗೆ ಮಾತ್ರ ಯಾರನ್ನೂ ಇಳಿಸಬೇಡ, ಎಷ್ಟು ದುಡ್ಡು ಕೊಟ್ಟರೂ. ಒಳಗಿನ ಗಾಳಿಗೆ ಉಸಿರಾಡುವಷ್ಟರಲ್ಲಿ ಪ್ರಾಣ ಹೋಗುತ್ತದೆ; ಮಲ ಹೊರುವ ಪದ್ಧತಿ ನಿಷೇಧಿಸಿದ 2013ರ ಕಾಯ್ದೆಯ ಪ್ರಕಾರ ರಕ್ಷಣೆಯ ಸಾಧನವಿಲ್ಲದೆ ಹಾಗೆ ಇಳಿಸುವುದು ಅಪರಾಧ ಕೂಡ. ನಾನು ಸಣ್ಣವನಿದ್ದಾಗ ಬಚ್ಚಲ ಮೋರಿ ಕಟ್ಟಿದರೆ ಕರೆಯುವ ಕೈಗಳು ಬೇರೆಯೇ ಇದ್ದವು, ಅವರು ಹಿತ್ತಲಿಂದ ಬಂದು ಹಿತ್ತಲಿಂದಲೇ ಹೋಗುತ್ತಿದ್ದರು. ಅದನ್ನು ಕಂಡೂ ಸುಮ್ಮನಿದ್ದವರಲ್ಲಿ ನಾನೂ ಒಬ್ಬ. ನಮ್ಮ ತಲೆಯಿಂದ ಉದುರಿದ್ದನ್ನು ನಮ್ಮ ಕೈ ಮುಟ್ಟಿದರೆ ಏನಾಯಿತು? ಅಸಹ್ಯವಾದರೆ ಒಂದು ಪ್ಲಾಸ್ಟಿಕ್ ಚೀಲ ಕೈಗೆ ಸುತ್ತಿಕೋ.

ನೀವು ಪುಣೆಗೆ ಹೋಗಿ ಮನೆಗೆ ಬೀಗ ಬಿದ್ದಾಗ ಇನ್ನೊಂದು ತಾಪತ್ರಯ. ಬೇಸಿಗೆಯ ಬಿಸಿಗೆ ಟ್ರ್ಯಾಪಿನ ನೀರು ಆರಿ ಕದ ತೆರೆದುಕೊಳ್ಳುತ್ತದೆ. ಜಾತ್ರೆಗೆ ಬಂದು ಬೀಗ ತೆಗೆದವರು ಇಲಿ ಸತ್ತಿದೆ ಅಂತ ಮನೆಯೆಲ್ಲ ಹುಡುಕುತ್ತಾರೆ. ಅವತ್ತು ನೀನು ಮೊಬೈಲಿನಲ್ಲಿ ತೋರಿಸಿದೆಯಲ್ಲ, ಗಾಲಿಯ ಮೇಲಿನ ಮನೆ, ಒಳಗೇ ಶಾವರು, ಅಡಿಗೆ ಒಲೆ. ಅದರ ಕೆಳಗೂ ಇಂಥದೇ ಬಾಗು. ಚಳಿದೇಶದವರು ಗಾಡಿ ನಿಲ್ಲಿಸಿಡುವಾಗ ನೀರು ಹೆಪ್ಪುಗಟ್ಟಿ ಬಾಗು ಒಡೆಯದಿರಲೆಂದು ಬೇರೊಂದು ದ್ರಾವಣ ಹೊಯ್ಯುತ್ತಾರೆ. ನಮಗೆ ಹೆಪ್ಪಿನ ಭಯವಿಲ್ಲ, ಆರುವ ಭಯ. ಹೊರಡುವ ದಿನ ಎರಡು ಚರಗಿ ನೀರು ಸುರಿದು, ಮೇಲೆ ಒಂದು ಚಮಚ ಅಡಿಗೆ ಎಣ್ಣೆ ಬಿಡು. ಎಣ್ಣೆ ತೇಲಿ ನೀರನ್ನು ಬೇಗ ಆರಗೊಡುವುದಿಲ್ಲ.

ತಂತಿ ಹುಡುಕಿಕೊಂಡು ಅಂಗಡಿಗೆ ಹೋಗಬೇಡ, ನಮ್ಮ ಕೊಟ್ಟಿಗೆಯ ಮೊಳೆಗೆ ಒಂದು ಸುತ್ತು ತೂಗುಹಾಕಿದ್ದೇನೆ. ಮತ್ತೆ, ಜಾಲರಿ ಬಿಚ್ಚುವಾಗ ಎರಡು ಸಣ್ಣ ಸ್ಕ್ರೂ ಬರುತ್ತವೆ. ಅವನ್ನು ನೆಲದ ಮೇಲಿಡಬೇಡ, ಮೊದಲು ಕಿಸೆಗೆ ಹಾಕಿಕೋ. ಹೋದ ಸಲ ನಾನು ಇಟ್ಟಿದ್ದೆ.