ಏಳು ಮೆಗಾಹರ್ಟ್ಸ್ ಯಾರದು?

ಕೃಷ್ಣರಾಜಪೇಟೆಯ ಹ್ಯಾಮ್ (ಹವ್ಯಾಸಿ ರೇಡಿಯೊ) ಮಿತ್ರರೇ, ಅಕ್ಟೋಬರ್ ಕೊನೆಯ ಪೂರ್ಣ ವಾರಾಂತ್ಯದ ಸಿಕ್ಯೂ ವರ್ಲ್ಡ್‌ವೈಡ್ ರೇಡಿಯೊ ಸ್ಪರ್ಧೆ ನಮ್ಮಲ್ಲಿ ಶನಿವಾರ ಬೆಳಗ್ಗೆ 5.30ಕ್ಕೆ ಶುರುವಾದರೆ 48 ಗಂಟೆ ನಿಲ್ಲುವುದಿಲ್ಲ. 7 ಮೆಗಾಹರ್ಟ್ಸ್‌ನಲ್ಲಿ ಬೆಂಗಳೂರಿನವರೊಡನೆ ನೀವು ನಡೆಸುವ ಸಂಜೆಯ ಹರಟೆ ಆ ಗದ್ದಲದಲ್ಲಿ ಮುಳುಗಿಹೋಗುತ್ತದೆ. ನಿಮ್ಮ ಸಿಟ್ಟು ಅರ್ಥವಾಗುತ್ತದೆ, ಆದರೆ ತರಂಗಾಂತರ ಯಾರ ಪಿತ್ರಾರ್ಜಿತವೂ ಅಲ್ಲ. ದೂರದವರೊಡನೆ ಮಾತಾಡಲು 18 ಮೆಗಾಹರ್ಟ್ಸ್ ಇದೆ. 1979ರ ಜಿನೀವಾ ಸಮ್ಮೇಳನ ಹವ್ಯಾಸಿಗಳಿಗೆ ಕೊಟ್ಟ ಆ ಬ್ಯಾಂಡಿನಲ್ಲಿ ಸ್ಪರ್ಧೆ ನಡೆಸುವ ರೂಢಿಯಿಲ್ಲ. ‘ಅಲ್ಲಿ ಬೆಂಗಳೂರು ಕೇಳಿಸದಲ್ಲ’ ಎನ್ನುತ್ತೀರಿ. ನಿಜ, ಆ ಅಲೆ ಮೇಲಿನ ಅಯಾನುಗೋಳದಿಂದ ಮರಳುವಾಗ ಹತ್ತಿರದ ಊರುಗಳನ್ನು ದಾಟಿಬಿಡುತ್ತದೆ. ನಿಮ್ಮ ಹರಟೆಗೆ 7 ಮೆಗಾಹರ್ಟ್ಸೇ ಗತಿ. ಹಾಗಾಗಿ ಇಲ್ಲಿ ಮೊದಲು ಸರಿಯಬೇಕಾದವರು ಸ್ಪರ್ಧಿಗಳು: ‘ಫ್ರೀಕ್ವೆನ್ಸಿ ಖಾಲಿಯೇ?’ ಎಂದು ಕೇಳದೆ ಕರೆ ಕೊಡಕೂಡದು. ಅಂಕ ತಪ್ಪುತ್ತದೆಂಬ ನೆಪ ನಾನಂತೂ ಒಪ್ಪೆ. ನೀವೂ ಆ ಎರಡು ದಿನ ಸಂಜೆಯ ಹರಟೆಯನ್ನು ಹಗಲು ಹನ್ನೊಂದಕ್ಕೆ ಇಟ್ಟುಕೊಳ್ಳಿ. ಬಿಸಿಲಿನಲ್ಲಿ ಅಯಾನುಗೋಳದ ಕೆಳಪದರ ದೂರದ ಸದ್ದನ್ನು ಹೀರಿಕೊಳ್ಳುತ್ತದೆ, ಬೆಂಗಳೂರು ಮಾತ್ರ ಕೇಳುತ್ತಿರುತ್ತದೆ.