ಕುರಿಮರಿಯ ಕಥೆ: ತೀರ್ಪು ಕೊಡಬೇಕಾದವರು ಯಾರು?

ತರಗತಿ: 9. ವಿಷಯ: ಸಮಾಜ ವಿಜ್ಞಾನ. ಪಾಠ: ಅರಸ ದಾವೀದ ಮತ್ತು ಪ್ರವಾದಿ ನಾತಾನ.

ಯೆಹೂದ್ಯರೂ ಕ್ರೈಸ್ತರೂ ಪವಿತ್ರವೆಂದು ಓದುವ ಸಮುವೇಲನ ಎರಡನೆಯ ಗ್ರಂಥದಲ್ಲಿ ಈ ಪ್ರಸಂಗವಿದೆ. ದಾವೀದನು ತನ್ನ ಯೋಧ ಊರೀಯನ ಹೆಂಡತಿ ಬತ್ಷೆಬೆಯನ್ನು ಕರೆಸಿಕೊಂಡ. ಆಮೇಲೆ ಊರೀಯನನ್ನು ಕಾಳಗದ ಮುಂಚೂಣಿಯಲ್ಲಿ ನಿಲ್ಲಿಸಿ ಸಾಯುವಂತೆ ಮಾಡಿದ.

ಮೊದಲ ಪಾಠದಲ್ಲಿ ನಾನು ಇದನ್ನೆಲ್ಲ ವಿವರಿಸಿ, ‘ದಾವೀದ ಮಾಡಿದ್ದು ತಪ್ಪು’ ಎಂದು ಕಪ್ಪುಹಲಗೆಯ ಮೇಲೆ ಬರೆದೆ. ಮಕ್ಕಳು ಬರೆದುಕೊಂಡರು. ಒಂದು ಪ್ರಶ್ನೆಯೂ ಬರಲಿಲ್ಲ. ಮಾರ್ಗದರ್ಶಕರು ವೀಕ್ಷಣಾ ಪುಸ್ತಕದಲ್ಲಿ ಬರೆದದ್ದು ಒಂದೇ ಸಾಲು: “ತೀರ್ಪನ್ನು ನೀವೇ ಕೊಟ್ಟುಬಿಟ್ಟಿರಿ.”

ಇನ್ನೊಂದು ವಿಭಾಗದಲ್ಲಿ ಕ್ರಮ ಬದಲಿಸಿದೆ. ಯಾರ ಹೆಸರೂ ಹೇಳದೆ, ನಾತಾನನು ಅರಸನಿಗೆ ಹೇಳಿದ ಕಥೆಯಿಂದಲೇ ಆರಂಭಿಸಿದೆ. ಸಿರಿವಂತನಿಗೆ ಕುರಿದನಗಳು ಬೇಕಾದಷ್ಟು. ಬಡವನಿಗೆ ಇದ್ದದ್ದು ಮಗಳಂತೆ ಸಾಕಿದ ಒಂದೇ ಕುರಿಮರಿ. ನೆಂಟ ಬಂದಾಗ ಸಿರಿವಂತ ಅದನ್ನೇ ಕಿತ್ತುಕೊಂಡು ಅಡುಗೆ ಮಾಡಿಸಿದ.

“ಇವನಿಗೇನು ಶಿಕ್ಷೆ?” ಎಂದೆ. ಮಕ್ಕಳು ಸಿಟ್ಟಿನಿಂದ ತೀರ್ಪು ಕೊಟ್ಟರು. ದಾವೀದನೂ ಹೀಗೆಯೇ ಸಿಟ್ಟಾದ, ಆಗ ನಾತಾನ ‘ಆ ಮನುಷ್ಯ ನೀನೇ’ ಎಂದ ಎನ್ನುತ್ತಲೇ ತರಗತಿ ಸ್ತಬ್ಧವಾಯಿತು.

ಒಬ್ಬ ಹುಡುಗಿ ಎದ್ದು ಕೇಳಿದಳು: “ರಾಜನಿಗೇ ಹಾಗಂದಮೇಲೆ ನಾತಾನನನ್ನು ಏನು ಮಾಡಿದರು ಸರ್?”

ನನ್ನ ಪಾಠಯೋಜನೆಯಲ್ಲಿ ಈ ಪ್ರಶ್ನೆ ಇರಲಿಲ್ಲ. ದಾವೀದ ತಪ್ಪೊಪ್ಪಿಕೊಂಡ, ನಾತಾನನಿಗೆ ಏನೂ ಆಗಲಿಲ್ಲ ಎಂದೆ. ಅಷ್ಟರಲ್ಲಿ ಗಂಟೆ ಹೊಡೆಯಿತು.

ನಾನು ಸಿದ್ಧಪಡಿಸಿದ್ದು ಅರಸನ ತಪ್ಪಿನ ಪಾಠ. ಅವಳಿಗೆ ಬೇಕಿದ್ದದ್ದು ತಪ್ಪನ್ನು ಎತ್ತಿ ಹೇಳಿದವನ ಗತಿ. ಮುಂದಿನ ಯೋಜನೆಯಲ್ಲಿ ಅವಳ ಪ್ರಶ್ನೆಯನ್ನೇ ಚರ್ಚೆಗೆ ಇಟ್ಟು, ಅದಕ್ಕೆಂದೇ 10 ನಿಮಿಷ ಮೀಸಲಿಟ್ಟಿದ್ದೇನೆ.