ಟೈಮಿಂಗ್ ಕವರಿನ ಎಣ್ಣೆ ಸೋರಿಕೆ: ಮನೆಯಂಗಳದ ಒಂದು ಪಾಠ

ಲಾರಿ ನಿಂತು ಹೋದ ಜಾಗದಲ್ಲಿ ನೆಲದ ಮೇಲೆ ಕರಿಯ ಎಣ್ಣೆಯ ಕಲೆ ಉಳಿದಿರುವುದನ್ನು ಓದುಗ ಮಿತ್ರರೆಲ್ಲ ಕಂಡಿರಬಹುದು. ಎಂಜಿನ್ನಿನಲ್ಲಿ ಎಣ್ಣೆ ಸೋರುವ ಸ್ಥಳಗಳು ಹಲವು. ಮುಂಭಾಗದ ಟೈಮಿಂಗ್ ಕವರು ಅವುಗಳಲ್ಲಿ ಒಂದು. ಕಳೆದ ವರ್ಷ ಕಬ್ಬಿನ ಹಂಗಾಮು ಶುರುವಾಗುವ ಮುನ್ನ ನಮ್ಮ ಮನೆಯ ಲಾರಿಯ ಈ ಕವರನ್ನು ಅಪ್ಪನ ಜೊತೆ ಸೇರಿ ನಾವು ಅಣ್ಣತಮ್ಮಂದಿರು ಅಂಗಳದ ಬೇವಿನ ಮರದ ಕೆಳಗೆ ಬಿಚ್ಚಿ ಕೂಡಿಸಿದೆವು. ಒಂದು ಸಲವಲ್ಲ, ಎರಡು ಸಲ. ಎರಡನೆಯ ಸಲ ಏಕೆ ಬಿಚ್ಚಬೇಕಾಯಿತು ಎಂಬುದನ್ನು ಹೇಳುವುದಕ್ಕಾಗಿಯೇ ಈ ಲೇಖನ.

ಮೊದಲು ಈ ಕವರಿನ ಹಿಂದೆ ಏನಿದೆ ಎಂಬುದನ್ನು ತಿಳಿಯೋಣ. ನಮ್ಮ ಲಾರಿಯದು ನಾಲ್ಕು ಹೊಡೆತದ, ಎಂದರೆ ಫೋರ್ ಸ್ಟ್ರೋಕ್, ಡೀಸೆಲ್ ಎಂಜಿನ್. ಇದರಲ್ಲಿ ಗಾಳಿ ಎಳೆಯುವುದು, ಒತ್ತುವುದು, ಉರಿಯುವುದು, ಹೊಗೆ ಹೊರಹಾಕುವುದು ಎಂಬ ನಾಲ್ಕು ಕೆಲಸ ಮುಗಿಯಲು ಕ್ರ್ಯಾಂಕ್ ದಂಡ ಎರಡು ಸುತ್ತು ತಿರುಗಬೇಕು. ಅಷ್ಟರಲ್ಲಿ ಪ್ರತಿಯೊಂದು ವಾಲ್ವು ಒಂದೇ ಸಲ ತೆರೆಯಬೇಕು. ಆದ್ದರಿಂದ ವಾಲ್ವುಗಳನ್ನು ಎತ್ತುವ ಕ್ಯಾಮ್ ದಂಡ ಅರ್ಧ ವೇಗದಲ್ಲಿ ತಿರುಗುತ್ತದೆ. ಅದರ ಗೇರಿಗೆ ಕ್ರ್ಯಾಂಕ್ ಗೇರಿನ ಎರಡರಷ್ಟು ಹಲ್ಲು. ಡೀಸೆಲ್ ಪಂಪಿನ ಗೇರೂ ಇದೇ ಲೆಕ್ಕದ್ದು. ಈ ಗೇರುಗಳೆಲ್ಲ ಎಂಜಿನ್ನಿನ ಮುಂದೆ ಎಣ್ಣೆಯಲ್ಲಿ ತೊಯ್ದುಕೊಂಡು ತಿರುಗುತ್ತಿರುತ್ತವೆ. ಅವುಗಳ ಮೇಲಿನ ಮುಚ್ಚಳವೇ ಟೈಮಿಂಗ್ ಕವರು. ಅದರ ಕೆಳಭಾಗದ ದುಂಡು ತೂತಿನಿಂದ ಕ್ರ್ಯಾಂಕಿನ ತುದಿ ಹೊರಬಂದು ಬೆಲ್ಟಿನ ಪುಲ್ಲಿಯನ್ನು ತಿರುಗಿಸುತ್ತದೆ. ಆ ತೂತಿನಲ್ಲಿ ರಬ್ಬರಿನ ಆಯಿಲ್ ಸೀಲ್ ಕೂತಿರುತ್ತದೆ.

ಈ ಸೀಲಿನ ಕೆಲಸ ಸಣ್ಣದಲ್ಲ. ಪುಲ್ಲಿಯ ಕುತ್ತಿಗೆಯ ವ್ಯಾಸ 7 ಸೆಂಟಿಮೀಟರ್ ಎಂದಿಟ್ಟುಕೊಂಡರೆ ಸುತ್ತಳತೆ ಸುಮಾರು 22 ಸೆಂಟಿಮೀಟರ್. ನಿಮಿಷಕ್ಕೆ 1500 ಸುತ್ತು ಎಂದರೆ ಸೆಕೆಂಡಿಗೆ 25 ಸುತ್ತು. ಸೀಲಿನ ತುಟಿಯ ಕೆಳಗೆ ಸೆಕೆಂಡಿಗೆ ಐದೂವರೆ ಮೀಟರ್ ಉಕ್ಕು ಉಜ್ಜಿಕೊಂಡು ಓಡುತ್ತದೆ! ತುಟಿಯನ್ನು ಒತ್ತಿ ಹಿಡಿಯಲು ಒಳಗೆ ಕೂದಲಿನಂಥ ಸುರುಳಿ ಸ್ಪ್ರಿಂಗಿನ ಬಳೆ ಇರುತ್ತದೆ. ಆ ಸ್ಪ್ರಿಂಗ್ ಕಾಣುವ ಮಗ್ಗುಲು ಎಣ್ಣೆಯ ಕಡೆಗೇ ಇರಬೇಕು.

ನಮ್ಮ ಲಾರಿಯಲ್ಲಿ ಸೋರಿಕೆ ಬರಬರುತ್ತ ಹೆಚ್ಚಾಗಿ, ಎರಡು ದಿನಕ್ಕೊಮ್ಮೆ ಎಣ್ಣೆ ಹಾಕುವ ಸ್ಥಿತಿ ಬಂದಿತ್ತು. ಫ್ಯಾನಿನ ಗಾಳಿಗೆ ಎಣ್ಣೆ ಹಾರಿ ಬೆಲ್ಟೆಲ್ಲ ಜಾರುತ್ತಿತ್ತು. ವರ್ಷದ ಗಳಿಕೆಯ ಮುಕ್ಕಾಲು ಪಾಲು ಹಂಗಾಮಿನ ನಾಲ್ಕೈದು ತಿಂಗಳಲ್ಲೇ ಬರಬೇಕು, ಸಾಲದ ಕಂತೂ ಅದರಲ್ಲೇ ಹೋಗಬೇಕು. ಗ್ಯಾರೇಜಿನಲ್ಲಿ ಆಗ ಸರದಿ ಸಿಗಲಿಲ್ಲ. "ಗೇರು ಬಿಚ್ಚೂದಿಲ್ಲಲ್ಲ, ಬರೀ ಮುಚ್ಚಳ. ನಾವ ಮಾಡೋಣ" ಎಂದರು ಅಪ್ಪ.

ಗಾಲಿಗಳಿಗೆ ಕಲ್ಲು ಕೊಟ್ಟು, ಬ್ಯಾಟರಿಯ ತಂತಿ ತೆಗೆದು, ಎಣ್ಣೆ ಮತ್ತು ರೇಡಿಯೇಟರಿನ ನೀರು ಇಳಿಸಿ, ರೇಡಿಯೇಟರ್, ಫ್ಯಾನು, ಪುಲ್ಲಿ ಎಲ್ಲ ತೆಗೆದೆವು. ಬಿಚ್ಚುವ ವರ್ಣನೆ ಹೆಚ್ಚು ಬೇಡ. ಒಂದು ಯುಕ್ತಿಯನ್ನು ಮಾತ್ರ ಹೇಳುತ್ತೇವೆ: ರಟ್ಟಿನ ಮೇಲೆ ಕವರಿನ ಆಕಾರ ಬರೆದು, ಯಾವ ಬೋಲ್ಟು ಎಲ್ಲಿಯದೋ ಅಲ್ಲಿಯೇ ಚುಚ್ಚಿಟ್ಟೆವು. ಬೋಲ್ಟುಗಳ ಉದ್ದ ಬೇರೆ ಬೇರೆ. ಗಿಡ್ಡ ತೂತಿಗೆ ಉದ್ದನೆಯದನ್ನು ಹಾಕಿದರೆ ಕೆಲಸ ಕೆಡುತ್ತದೆ.

ಇನ್ನು ನಮ್ಮ ತಪ್ಪು. ಅಂಗಡಿಯಿಂದ ಹೊಸ ಸೀಲು, ಹೊಸ ಪ್ಯಾಕಿಂಗು, ಒಂದು ಟ್ಯೂಬು ಸಿಲಿಕೋನ್ ಪೇಸ್ಟ್ ತಂದಿದ್ದೆವು. ಹಳೆಯ ಪ್ಯಾಕಿಂಗನ್ನು ಉಕ್ಕಿನ ಛಿನ್ನಿಯಿಂದ ಕೆರೆದೆವು. ಒಂದೆರಡು ಕಡೆ ಹಳೆಯ ಕಾಗದ ಅಂಟಿಕೊಂಡೇ ಉಳಿಯಿತು. ಪೇಸ್ಟ್ ಎಲ್ಲವನ್ನೂ ಮುಚ್ಚೀತೆಂದು ನಂಬಿ ಬೆರಳು ದಪ್ಪಕ್ಕೆ ಬಳಿದು, ಕವರಿಟ್ಟು, ಬೋಲ್ಟುಗಳನ್ನು ಒಂದು ತುದಿಯಿಂದ ಬಿಗಿಯುತ್ತ ಹೋಗಿ, ಅದೇ ಸಂಜೆ ಎಂಜಿನ್ ಚಾಲೂ ಮಾಡಿದೆವು. ಬೆಳಿಗ್ಗೆ ನೋಡಿದರೆ ಲಾರಿಯ ಕೆಳಗೆ ಅಂಗೈಯಗಲ ಕಲೆ. ಅದಕ್ಕಿಂತ ಹೆಚ್ಚಾಗಿ, ಎಣ್ಣೆಯ ಒತ್ತಡ ತೋರಿಸುವ ಮುಳ್ಳು ನಿಧಾನವಾಗಿ ಏಳುವುದನ್ನು ಕಂಡು ಅಪ್ಪ ಕೂಡಲೇ ಎಂಜಿನ್ ಬಂದ್ ಮಾಡಿದರು.

ಪರಿಚಯದ ಮಿಸ್ತ್ರಿ ಕಾಕಾ ಬಂದು ಕವರಿನ ಜೊತೆಗೆ ಕೆಳಗಿನ ಎಣ್ಣೆಯ ತೊಟ್ಟಿಯನ್ನೂ ಇಳಿಸಿಸಿದರು. ಕವರಿನ ಒಳಗೆ ಪೇಸ್ಟು ಹುಳದಂತೆ ಜೋತುಬಿದ್ದಿತ್ತು. ಎಣ್ಣೆ ಪಂಪಿನ ಬಾಯಿಯ ಜಾಲರಿಗೆ ಅದರ ತುಂಡುಗಳು ಮೆತ್ತಿಕೊಂಡಿದ್ದವು. "ಬಳದಷ್ಟು ಗಟ್ಟಿ ಅಂತ ಯಾರ ಹೇಳ್ಯಾರ ತಮ್ಮಾ? ಹೊರಗ ಎಷ್ಟ ಹಿಂಡಿ ಬರತೈತಿ, ಒಳಗೂ ಅಷ್ಟ ಬರತೈತಿ" ಎಂದರು ಕಾಕಾ. ಜಾಲರಿ ಪೂರ್ತಿ ಕಟ್ಟಿದ್ದರೆ ಬೇರಿಂಗುಗಳಿಗೆ ಎಣ್ಣೆ ಇಲ್ಲದೆ ಕ್ರ್ಯಾಂಕೇ ಹಿಡಿದುಬಿಡುತ್ತಿತ್ತು. ಆ ವರ್ಷದ ಹಂಗಾಮು ಅಲ್ಲಿಗೇ ಮುಗಿಯುತ್ತಿತ್ತು.

ಸೋರಿಕೆಯನ್ನು ತಡೆಯುವುದು ಮುಖ್ಯವಾಗಿ ಪೇಸ್ಟಲ್ಲ. ಶುದ್ಧವಾದ, ಸಪಾಟಾದ ಎರಡು ಮುಖಗಳು ಮತ್ತು ಅವುಗಳ ಮೇಲೆ ಎಲ್ಲೆಡೆ ಒಂದೇ ಸಮನಾದ ಒತ್ತಡ. ಅವುಗಳ ನಡುವಿನ ಸಣ್ಣ ತಗ್ಗು ತುಂಬುವಷ್ಟೇ ಪ್ಯಾಕಿಂಗಿನ ಕೆಲಸ.

ಎರಡನೆಯ ಸಲ ಒಂದು ದಿನವಿಡೀ ಬರೀ ಒರೆಸಿದೆವು. ಕಸ ಒಳಗೆ ಬೀಳದಂತೆ ಬಟ್ಟೆ ತುರುಕಿ, ಬಿದಿರಿನ ಚಕ್ಕೆಯಿಂದ ಕೆರೆದೆವು. ಅಲ್ಯುಮಿನಿಯಂ ಮೆದು ಲೋಹ. ಛಿನ್ನಿ ಎಳೆದ ಗೆರೆಯೇ ಎಣ್ಣೆಗೆ ಕಾಲುವೆಯಾಗುತ್ತದೆ. ದಪ್ಪ ಗಾಜಿನ ಮೇಲೆ ನಯವಾದ ಎಮರಿ ಕಾಗದ ಹಾಸಿ, ಕವರನ್ನು ಹಗುರವಾಗಿ ಉಜ್ಜಿ ಏರುತಗ್ಗು ತೆಗೆದು, ಪುಡಿ ಉಳಿಯದಂತೆ ತೊಳೆದೆವು. ಎರಡೂ ಮುಖಗಳನ್ನು ಥಿನ್ನರಿನಿಂದ ಒರೆಸಿದೆವು, ಏಕೆಂದರೆ ಎಣ್ಣೆಯ ಮೇಲೆ ಸಿಲಿಕೋನ್ ಹಿಡಿಯುವುದಿಲ್ಲ. ಈ ಕೆಲಸ ಮಾಡುವಾಗ ಹತ್ತಿರ ಬೆಂಕಿ ಇರಬಾರದು.

ಬೋಲ್ಟಿನ ತೂತುಗಳನ್ನೂ ಒಣಗಿಸಬೇಕು. ಪಾಸ್ಕಲ್ಲನ ನಿಯಮವನ್ನು ನಾವು ಪುಸ್ತಕದಲ್ಲಿ ಓದಿದ್ದೇವೆ: ಮುಚ್ಚಿದ ದ್ರವದ ಮೇಲಿನ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ. ತಳ ಮುಚ್ಚಿದ ತೂತಿನಲ್ಲಿ ಎಣ್ಣೆ ನಿಂತಿದ್ದರೆ ಬೋಲ್ಟು ಪಿಸ್ಟನ್ನಿನಂತೆ ಅದನ್ನು ಒತ್ತುತ್ತದೆ. ಎಣ್ಣೆ ಕುಗ್ಗುವುದಿಲ್ಲ, ಎರಕವೇ ಬಿರಿಯುತ್ತದೆ.

ಹಳೆಯ ಸೀಲಿನ ತುಟಿ ಪುಲ್ಲಿಯ ಕುತ್ತಿಗೆಯಲ್ಲಿ ಉಗುರಿಗೆ ತಗಲುವಷ್ಟು ಗೆರೆ ಕೊರೆದಿತ್ತು. ಹೊಸ ತುಟಿ ಅದೇ ಗೆರೆಯಲ್ಲಿ ಕೂತರೆ ಮತ್ತೆ ಸೋರುತ್ತದೆ. ಮನೆಯಲ್ಲಿ ಸಿಕ್ಕ ಕೊಳವೆಯ ತುಂಡನ್ನು ಸೀಲಿನ ಮೇಲಿಟ್ಟು ಸುತ್ತಲೂ ಸಮನಾಗಿ ಬಡಿದು, ಕಾಕಾ ಅದನ್ನು ಎರಡು ಮಿಲಿಮೀಟರ್ ಒಳಗೆ ಕೂಡಿಸಿದರು. ತುಟಿಗೆ ಎಣ್ಣೆ ಸವರಿದರು. ಒಣ ತುಟಿ ಮೊದಲ ನಿಮಿಷದಲ್ಲೇ ಸುಡುತ್ತದೆ.

ಗೇರುಗಳ ಗುರುತು ಒಂದಕ್ಕೊಂದು ಕೂಡಿರುವುದನ್ನು ನೋಡಿ, ಕಾಗದದ ಪ್ಯಾಕಿಂಗ್ ಇಟ್ಟೆವು. ಸಿಲಿಕೋನನ್ನು ಕವರು, ಬ್ಲಾಕು, ತೊಟ್ಟಿ ಈ ಮೂರೂ ಸೇರುವ ಎರಡು ಮೂಲೆಗಳಿಗೆ ಮಾತ್ರ, ಗೋಧಿಕಾಳಿನಷ್ಟು ಹಾಕಿದೆವು. ಪೇಸ್ಟನ್ನೇ ಹಚ್ಚುವ ಎಂಜಿನ್ನುಗಳಲ್ಲಾದರೂ ಎರಡು ಮೂರು ಮಿಲಿಮೀಟರಿನ ಎಳೆ ಸಾಕು.

ಬೋಲ್ಟುಗಳನ್ನು ಬೆರಳಿನಿಂದ ತಿರುಗಿಸಿಟ್ಟು, ಪುಲ್ಲಿಯನ್ನು ಸೀಲಿನೊಳಗೆ ಮೆಲ್ಲಗೆ ಸರಿಸಿದೆವು. ಆಗ ಕವರು ತಾನಾಗಿ ಕ್ರ್ಯಾಂಕಿನ ನಡುವಿಗೆ ಬಂದು ನಿಲ್ಲುತ್ತದೆ. ಬಳಿಕ ಎದುರುಬದುರಾಗಿ, ಮೂರು ಸುತ್ತಿನಲ್ಲಿ ಬಿಗಿದೆವು. 20 ಸೆಂಟಿಮೀಟರ್ ಉದ್ದದ ಪಾನಾದ ತುದಿಗೆ 10 ಕಿಲೋಗ್ರಾಂ ಭಾರದಷ್ಟು ಬಲ ಹಾಕಿದರೆ ತಿರುಚು ಬಲ ಸುಮಾರು 20 ನ್ಯೂಟನ್ ಮೀಟರ್. ಪಾನಾಕ್ಕೆ ಪೈಪು ಸೇರಿಸಿ ಉದ್ದವನ್ನು ಇಮ್ಮಡಿ ಮಾಡಿದರೆ ಅದೇ ಕೈಬಲಕ್ಕೆ 40 ಆಗುತ್ತದೆ. ಸಣ್ಣ ಬೋಲ್ಟುಗಳು ತುಂಡಾಗುವುದು ಹೀಗೆಯೇ. ಎಂಜಿನ್ನಿನ ಪುಸ್ತಕದಲ್ಲಿ ಕೊಟ್ಟ ಅಳತೆಯನ್ನು ಮೀರಬಾರದು.

ಆಮೇಲೆ ಕಾದೆವು. ಸಿಲಿಕೋನ್ ಗಟ್ಟಿಯಾಗುವುದು ಗಾಳಿಯಲ್ಲಿನ ತೇವವನ್ನು ಹೀರಿಕೊಂಡು. ಕೆಲವು ಬಗೆಯ ಪೇಸ್ಟಿನಿಂದ ಆಗ ಹೊಮ್ಮುವ ಹುಳಿ ವಾಸನೆ ಅಸಿಟಿಕ್ ಆಮ್ಲದ್ದು. ತೇವ ಹೊರಗಿನಿಂದ ಒಳಕ್ಕೆ ಹೋಗುವುದರಿಂದ ದಪ್ಪ ಪದರ ಒಳಗೆ ಬಹಳ ಹೊತ್ತು ಹಸಿಯಾಗಿಯೇ ಇರುತ್ತದೆ. ನಾವು ಮೊದಲ ಸಲ ಬಳಿದ ಪೇಸ್ಟು ಅದೇ ಸಂಜೆ ಎಣ್ಣೆಯ ಎದುರು ನಿಲ್ಲಲಾರದೆ ಹೋದದ್ದು ಇದಕ್ಕೇ. ಈ ಸಲ 24 ಗಂಟೆ ಕಳೆದ ಮೇಲೆ ಹೊಸ ಎಣ್ಣೆ ಹಾಕಿದೆವು. ಎಂಜಿನ್ನಿನ ಉಸಿರುಕೊಳವೆ ಕಟ್ಟಿದೆಯೇ ಎಂದೂ ನೋಡಿದೆವು. ಅದು ಕಟ್ಟಿದರೆ ಒಳಗಿನ ಒತ್ತಡ ಏರಿ ಯಾವ ಹೊಸ ಸೀಲೂ ಎಣ್ಣೆಯನ್ನು ತಡೆಯಲಾರದು.

ಎಂಜಿನ್ ಚಾಲೂ ಆದೊಡನೆ ಮುಳ್ಳು ಸರಕ್ಕನೆ ಎದ್ದಿತು. ರಾತ್ರಿ ಲಾರಿಯ ಕೆಳಗೆ ಹಳೆಯ ಪತ್ರಿಕೆ ಹಾಸಿ ಮಲಗಿದೆವು. ನಸುಕಿನಲ್ಲಿ ಬ್ಯಾಟರಿ ಹಿಡಿದು ತಮ್ಮ ಮೊದಲು ಓಡಿದ. ಕಾಗದದ ಮೇಲೆ ಬೇವಿನ ಎರಡು ಎಲೆ ಬಿದ್ದಿದ್ದವು, ಎಣ್ಣೆ ಇರಲಿಲ್ಲ. ಅಪ್ಪ ಚಹಾ ಕುಡಿದು ಲಾರಿಯನ್ನು ಕಬ್ಬಿನ ಹೊಲಕ್ಕೆ ಹೊರಡಿಸಿದರು.